ನಮ್ಮ ಹವೆಗೆ ಒಪ್ಪುವ ರೋಡೊಡೆಂಡ್ರನ್

ಬೇಸಗೆಯ ರಜೆಯಲ್ಲಿ ಮೈಸೂರು, ಬೆಂಗಳೂರುಗಳಿಂದ ಉದಕಮಂಡಲಕ್ಕೆ ಹೋಗಿಬರುವ ಸಂಸಾರಗಳು ಹಿಂತಿರುಗುವಾಗ ತರುವ ಸಾಮಾನುಗಳಲ್ಲಿ ಚಹದ ಪುಡಿ, ಕ್ಯಾರೆಟ್ಟು, ನೀಲಗಿರಿ ಎಣ್ಣೆಗಳ ಜೊತೆಗೆ ಒಂದೆರಡು ಹೂಗಿಡದ ಕುಂಡಗಳೂ ಇರುವುದುಂಟು. ಆ ಕುಂಡಗಳಲ್ಲಿ ಅನೇಕ ವೇಳೆ ಇರುವುದು ಅಜೇಲಿಯ. ಅದು ರೋಡೊಡೆಂಡ್ರನ್ ಕುಲಕ್ಕೆ ಸೇರಿದ ಗಿಡ. ಮನೆಗೆ ಬಂದ ಹೊಸದರಲ್ಲಿ ಅದು ನೋಡುವವರ ಕಣ್ಣು ತಣಿಸುತ್ತದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಎಲೆಗಳು ಹಳದಿಗೆ ತಿರುಗುತ್ತವೆ. ದೀಪಾವಳಿಯ ಹೊತ್ತಿಗೆ ಕುಂಡದಲ್ಲಿ ಒಣಕಡ್ಡಿ ಮಾತ್ರ ಉಳಿದಿರುತ್ತದೆ. ಆಗ ಯಜಮಾನರು ಮಾಲಿಯನ್ನು ಕರೆದು, ನೀನು ಸರಿಯಾಗಿ ನೀರು ಹಾಕಲಿಲ್ಲವೆಂದು ಗದರಿಸುತ್ತಾರೆ. ಮಾಲಿಯಾದರೋ ನೀರನ್ನು ಹಾಕಿಯೇ ಇರುತ್ತಾನೆ. ಬಹುಶಃ ಆ ಬಾವಿಯ ನೀರೇ ಗಿಡವನ್ನು ಕೊಂದಿರುತ್ತದೆ. ಈ ಭಾಷಣದಲ್ಲಿ ನಾನು ಮಾಲಿಯ ಪರವಾಗಿ ಸ್ವಲ್ಪ ವಕಾಲತ್ತು ವಹಿಸಬೇಕೆಂದಿದ್ದೇನೆ. ಅದರೊಡನೆ, ಒಂದು ಪ್ರದೇಶದ ಹವೆಗೆ ಒಪ್ಪುವ ಗಿಡವನ್ನು ಆರಿಸುವುದೆಂದರೆ ಏನೆಂಬುದನ್ನೂ ವಿಚಾರಿಸೋಣ.

ರೋಡೊಡೆಂಡ್ರನ್ ಎಂಬುದು ಗ್ರೀಕ್ ಭಾಷೆಯ ಮಾತು. ಗುಲಾಬಿಮರ ಎಂದು ಅದರ ಅರ್ಥ. ಗುಲಾಬಿಗೂ ಈ ಗಿಡಕ್ಕೂ ನೆಂಟಸ್ತನವೇನೂ ಇಲ್ಲ, ಬಣ್ಣದ ಹೋಲಿಕೆ ಮಾತ್ರ. ಈ ಕುಲದಲ್ಲಿ ಸಾವಿರಕ್ಕೂ ಮೇಲ್ಪಟ್ಟ ಜಾತಿಗಳಿವೆ. ಹಿಮಾಲಯದ ಪೂರ್ವಭಾಗ, ಚೀನದ ಪಶ್ಚಿಮದ ಬೆಟ್ಟಗಳು, ಮಲಯ ದ್ವೀಪಸಮೂಹ, ನ್ಯೂಗಿನಿ, ಇವು ಅದರ ಮುಖ್ಯವಾದ ತೌರುಮನೆಗಳು. ಕೆಲವು ಜಾತಿಗಳು ಹಿಮದ ಅಂಚಿನಲ್ಲಿ ಗೇಣುದ್ದ ಬೆಳೆದು ನೆಲಕ್ಕೆ ಅಂಟಿಕೊಂಡಿರುತ್ತವೆ. ನಾಗಾಲ್ಯಾಂಡಿನ ಜಾಪ್ಫು ಪರ್ವತದಲ್ಲಿಯಾದರೋ ನೂರು ಅಡಿಗೂ ಎತ್ತರವಾದ ಒಂದು ಮರ ಪ್ರಸಿದ್ಧವಾಗಿದೆ. ಜೋಸೆಫ್ ಹೂಕರ್ ಎಂಬ ಇಂಗ್ಲಿಷ್ ಸಸ್ಯಶಾಸ್ತ್ರಜ್ಞನು 1848 ಮತ್ತು 1849ರಲ್ಲಿ ಸಿಕ್ಕಿಮಿನ ಬೆಟ್ಟಗಳಲ್ಲಿ ಅಲೆದು, ಅಲ್ಲಿ ಕಂಡ ರೋಡೊಡೆಂಡ್ರನ್‌ಗಳ ವಿಷಯವಾಗಿ ಚಿತ್ರಸಹಿತವಾದ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದನು. ಅಲ್ಲಿಂದ ಮುಂದೆ ಇಂಗ್ಲೆಂಡಿನ ಶ್ರೀಮಂತರ ತೋಟಗಳಲ್ಲಿ ಈ ಗಿಡದ ಹುಚ್ಚು ಹಬ್ಬಿತು. ಆ ದೇಶದ ತೋಟಗಾರಿಕೆಯ ಪುಸ್ತಕಗಳನ್ನು ಓದಿ ಬೆಳೆದ ನಮ್ಮಂಥವರಿಗೂ ಆ ಹುಚ್ಚಿನ ಒಂದು ಅಂಶ ಅಂಟಿತು. ಆ ಪುಸ್ತಕಗಳಲ್ಲಿ ಹೇಳಿರುವ ಜಾತಿಗಳ ಪಟ್ಟಿ ಚಳಿಯ ದೇಶಕ್ಕಾಗಿ ಮಾಡಿದ ಪಟ್ಟಿ. ಅದನ್ನು ಹಿಡಿದು ಮೈಸೂರಿನ ಸೀಮೆಯಲ್ಲಿ ತೋಟ ಮಾಡಹೊರಡುವುದು ಲಂಡನ್ನಿನ ದರ್ಜಿಯ ಅಳತೆಯಲ್ಲಿ ಅಂಗಿ ಹೊಲಿಸಿಕೊಂಡು ಏಪ್ರಿಲಿನಲ್ಲಿ ನಂಜನಗೂಡಿನ ತೇರಿಗೆ ಹೋದಂತೆ.

ಅಜೇಲಿಯದ ವಿಷಯದಲ್ಲಿ ಇನ್ನೊಂದು ಗೊಂದಲವುಂಟು. ಲಿನೀಯಸನು ಅಜೇಲಿಯವನ್ನು ಬೇರೆ ಕುಲವೆಂದೇ ಎಣಿಸಿದ್ದನು. 19ನೆಯ ಶತಮಾನದಲ್ಲಿ ಅದನ್ನು ರೋಡೊಡೆಂಡ್ರನ್ ಕುಲದಲ್ಲಿ ಸೇರಿಸಲಾಯಿತು. ತೋಟಗಾರರು ‘ಇಂಡಿಯನ್ ಅಜೇಲಿಯ’ ಎಂದು ಮಾರುವ ಗಿಡದ ಹೆಸರನ್ನು ಕೇಳಿ, ಇದು ನಮ್ಮ ದೇಶದ್ದು, ನಮ್ಮಲ್ಲಿ ಬಾರದೇನು ಎಂದು ಭಾವಿಸುವವರಿದ್ದಾರೆ. ಅದರ ಮೂಲಜಾತಿ ಚೀನದ್ದು. ಬೆಲ್ಜಿಯಮ್ಮಿನ ಗಾಜಿನ ಮನೆಗಳಲ್ಲಿ ಅದನ್ನು ತಿದ್ದಿ ಬೆಳೆಸಿದರು. ‘ಇಂಡಿಕಮ್’ ಎಂಬ ವಿಶೇಷಣವನ್ನು ಹೊತ್ತ ಮತ್ತೊಂದು ಜಾತಿ ಜಪಾನಿನದು. ಯೂರೋಪಿಯನರಿಗೆ ಒಂದು ಕಾಲದಲ್ಲಿ ಪೂರ್ವದಿಕ್ಕಿನಿಂದ ಹಡಗಿನಲ್ಲಿ ಬಂದದ್ದೆಲ್ಲವೂ ‘ಇಂಡಿಯ’ದ್ದೇ ಆಗಿತ್ತು.

ಹಾಗಾದರೆ ನಮಗೆ ಹತ್ತಿರದ ರೋಡೊಡೆಂಡ್ರನ್ ಯಾವುದೂ ಇಲ್ಲವೆ ಎಂದರೆ, ಇದೆ. ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ಉದಕಮಂಡಲಕ್ಕೆ ಏರಿ, ದೊಡ್ಡಬೆಟ್ಟದ ದಾರಿಯಲ್ಲಿ ಚಳಿಗಾಲದ ಕೊನೆಗೆ ಹೋದವರು ಹುಲ್ಲಿನ ಇಳಿಜಾರಿನಲ್ಲಿ, ಶೋಲಾ ಕಾಡಿನ ಅಂಚಿನಲ್ಲಿ, ಒಂಟಿಯಾಗಿ ನಿಂತ ಗಂಟುಗಂಟಾದ ಮರಗಳನ್ನು ಕಂಡಿರಬಹುದು. ತೊಗಟೆ ದಪ್ಪ, ಬಿರುಕುಬಿಟ್ಟದ್ದು. ಎಲೆ ತೊಗಲಿನಂತೆ ಗಡುಸು. ಕೊಂಬೆಯ ತುದಿಯಲ್ಲಿ ರಕ್ತವರ್ಣದ ಹೂವುಗಳು ಚೆಂಡಿನಂತೆ ಗುಂಪುಗೂಡಿರುತ್ತವೆ. ಸೂರಕ್ಕಿಗಳು ಮಕರಂದಕ್ಕಾಗಿ ಅವನ್ನು ಮುತ್ತುತ್ತಿರುತ್ತವೆ. ಇದು ಹಿಮಾಲಯದ ಮರ-ರೋಡೊಡೆಂಡ್ರನ್ನಿನ ದಕ್ಷಿಣದ ಉಪಜಾತಿ. ಉತ್ತರಾಖಂಡದವರು ಅಲ್ಲಿಯ ಮರವನ್ನು ಬುರಾಂಸ್ ಎನ್ನುತ್ತಾರೆ. ಅದು ಆ ರಾಜ್ಯದ ವೃಕ್ಷ. ನೇಪಾಳದವರು ಅದನ್ನು ಲಾಲಿ ಗುರಾಂಸ್ ಎಂದು ಕರೆದು ರಾಷ್ಟ್ರಪುಷ್ಪವೆಂದು ಮಾನ್ಯಮಾಡಿದ್ದಾರೆ. ನೀಲಗಿರಿಯ ಮರಕ್ಕೆ ತಮಿಳಿನಲ್ಲಿ ಕಾಟ್ಟುಪ್ಪೂವರಸು, ಎಂದರೆ ಕಾಡಿನ ಹೂವರಸಿ, ಎಂಬ ಹೆಸರುಂಟು. ಕನ್ನಡದ ಪೇಟೆಗಳಲ್ಲಿ ಇದಕ್ಕೆ ಬಳಕೆಯ ಹೆಸರೇ ಇಲ್ಲ. ಇಲ್ಲೊಂದು ವಿನೋದವನ್ನು ಗಮನಿಸಬೇಕು: ನಾವು ‘ನೀಲಗಿರಿ ಮರ’ ಎಂದು ಕರೆಯುವುದು ಆಸ್ಟ್ರೇಲಿಯದಿಂದ ಬಂದ ಯೂಕಲಿಪ್ಟಸನ್ನು. ಪರದೇಶದ ಮರಕ್ಕೆ ಬೆಟ್ಟದ ಹೆಸರು ದಕ್ಕಿತು. ಬೆಟ್ಟದ ಮರಕ್ಕೆ ಹೆಸರೇ ಇಲ್ಲದೆ ಹೋಯಿತು.

ಹಿಮಾಲಯದ ಮರ ನೀಲಗಿರಿಗೆ, ಪಳನಿ ಆನೆಮಲೆಗಳಿಗೆ, ಅಲ್ಲಿಂದ ಸಿಂಹಳಕ್ಕೆ ಹೇಗೆ ಬಂದಿತು? ನಡುವೆ ಸುಮಾರು 2000 ಕಿಲೋಮೀಟರುಗಳಷ್ಟು ಬಿಸಿಯ ಬಯಲು ಇದೆ. ಆ ಬಯಲಿನಲ್ಲಿ ಈ ಮರ ಎಲ್ಲಿಯೂ ಕಾಣದು. ಭೂಮಿಯ ಮೇಲೆ ಹಿಮಯುಗಗಳು ಬಂದಾಗ ದಕ್ಷಿಣದ ತಗ್ಗುನಾಡುಗಳೂ ತಂಪಾದವು. ಆಗ ತಂಪನ್ನು ಬಯಸುವ ಗಿಡಮರಗಳು ಮೆಲ್ಲಮೆಲ್ಲನೆ ದಕ್ಷಿಣಕ್ಕೆ ಹರಡಿದುವು. ಹವೆ ಮತ್ತೆ ಬಿಸಿಯಾದಾಗ ತಗ್ಗಿನಲ್ಲಿದ್ದವು ಅಳಿದು, ಬೆಟ್ಟವನ್ನೇರಿದವು ಮಾತ್ರ ಅಲ್ಲಲ್ಲಿ ಉಳಿದುವು ಎಂಬುದು 19ನೆಯ ಶತಮಾನದಿಂದ ವಿದ್ವಾಂಸರು ಮುಂದಿಟ್ಟಿರುವ ಒಂದು ವಿವರಣೆ. 1940ರ ದಶಕದಲ್ಲಿ ಸುಂದರಲಾಲ್ ಹೋರಾ ಅವರು, ಹಿಮಾಲಯದ ಕಡೆಯ ಮೀನುಗಳು ಸಾತ್ಪುರ ಶ್ರೇಣಿಯ ಮಾರ್ಗವಾಗಿ ಪಶ್ಚಿಮಘಟ್ಟಗಳಿಗೆ ಬಂದಿರಬೇಕೆಂದು ವಾದಿಸಿದರು. ದಾರಿ ಯಾವುದೆಂಬ ಬಗ್ಗೆ ಚರ್ಚೆ ಮುಗಿದಿಲ್ಲ. ಆದರೆ ತೋಟಗಾರನಿಗೆ ಇದರಲ್ಲಿ ಒಂದು ಸೂಚನೆಯಿದೆ. ಈ ವಿವರಣೆ ನಿಜವಾದರೆ, ನಮ್ಮ ಬಯಲು ಆ ಮರಕ್ಕೆ ಹೊಸ ಪ್ರದೇಶವಲ್ಲ, ಅದು ಬಿಟ್ಟುಹೋದ ಪ್ರದೇಶ. ಇಲ್ಲಿ ಬದುಕಲಾರದೆಯೇ ಅದು ಬೆಟ್ಟವನ್ನು ಹತ್ತಿತು. ಅದನ್ನು ಕುಂಡದಲ್ಲಿಟ್ಟು ಕೆಳಕ್ಕೆ ತರುವ ನಾವು, ಸಾವಿರಾರು ವರ್ಷಗಳ ಹಿಂದೆ ತೀರ್ಮಾನವಾದ ಮೊಕದ್ದಮೆಯನ್ನು ಪುನಃ ತೆರೆಯುತ್ತಿದ್ದೇವೆ.

ಈಗ ಲೆಕ್ಕವನ್ನು ನೋಡೋಣ. ಉದಾಹರಣೆಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯನ್ನು ತೆಗೆದುಕೊಳ್ಳುತ್ತೇನೆ. 1974ರಲ್ಲಿ ಅಲ್ಲಿ ಕಪಿಲಾ ನದಿಗೆ ಕಟ್ಟಿದ ಕಬಿನಿ ಜಲಾಶಯವನ್ನು ಶ್ರೋತೃಗಳಲ್ಲಿ ಅನೇಕರು ಕಂಡಿರುವಿರಿ. ಹಿನ್ನೀರಿನ ದಡಗಳಲ್ಲಿ ಪ್ರವಾಸಿಗಳ ವಸತಿಗೃಹಗಳಿವೆ, ತೋಟಗಳಿವೆ. ಎದುರಿಗೆ ವಿಸ್ತಾರವಾದ ನೀರು, ಅದರಾಚೆ ನಾಗರಹೊಳೆ, ಬಂಡೀಪುರಗಳ ಕಾಡು. ಮಳೆಗಾಲದಲ್ಲಿ ಗಾಳಿ ತಣ್ಣಗೆ ಬೀಸುವಾಗ, ಇಲ್ಲಿ ರೋಡೊಡೆಂಡ್ರನ್ ಏಕೆ ಬರಬಾರದು ಎಂದು ಯಾರಿಗಾದರೂ ಅನ್ನಿಸುವುದು ಸಹಜವೇ. ಜಲಾಶಯ ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 2284 ಅಡಿ. ಉದಕಮಂಡಲ ಇರುವುದು ಸುಮಾರು 7350 ಅಡಿಯಲ್ಲಿ. ದೊಡ್ಡಬೆಟ್ಟದ ಶಿಖರ 8652 ಅಡಿ. ಸಾಮಾನ್ಯವಾಗಿ ಸಾವಿರ ಅಡಿ ಏರಿದರೆ ಸುಮಾರು 2 ಡಿಗ್ರಿ ಸೆಂಟಿಗ್ರೇಡಿನಷ್ಟು ಉಷ್ಣತೆ ಇಳಿಯುತ್ತದೆ. ಬೀಚನಹಳ್ಳಿಗೂ ಉದಕಮಂಡಲಕ್ಕೂ 5000 ಅಡಿ ಅಂತರ, ಎಂದರೆ 10 ಡಿಗ್ರಿ ವ್ಯತ್ಯಾಸ. ಕೋಟೆಯ ಕಡೆ ಏಪ್ರಿಲಿನ ಮಧ್ಯಾಹ್ನ 35 ಡಿಗ್ರಿ ಕಾಯುತ್ತಿರುವಾಗ, ಮೇಲೆ ಜನ ಸ್ವೆಟರನ್ನು ಹುಡುಕುತ್ತಿರುತ್ತಾರೆ.

ಹಗಲಿನ ಬಿಸಿಲನ್ನು ನೆರಳು ಮಾಡಿ ತಡೆಯಬಹುದು. ತಡೆಯಲಾಗದ್ದು ಬೇಸಗೆಯ ರಾತ್ರಿಯ ಸೆಕೆ. ಗಿಡವು ಹಗಲಿನಲ್ಲಿ ಬೆಳಕಿನಿಂದ ಆಹಾರವನ್ನು ಸಂಪಾದಿಸುತ್ತದೆ. ಇರುಳಿನಲ್ಲಿ ಉಸಿರಾಡುತ್ತ ಅದರಲ್ಲಿ ಒಂದು ಭಾಗವನ್ನು ಖರ್ಚುಮಾಡುತ್ತದೆ. ಇರುಳು ಬೆಚ್ಚಗಿದ್ದಷ್ಟೂ ಖರ್ಚು ಹೆಚ್ಚು. ಬೆಟ್ಟದ ತಣ್ಣನೆಯ ರಾತ್ರಿಗೆ ಒಗ್ಗಿದ ಗಿಡವನ್ನು ಬಯಲಿಗೆ ತಂದರೆ ಅದು ಸಂಬಳ ಸಾಲದ ಗುಮಾಸ್ತೆಯಂತೆ ಪ್ರತಿದಿನವೂ ಸ್ವಲ್ಪಸ್ವಲ್ಪ ಸಾಲಕ್ಕೆ ಬೀಳುತ್ತದೆ. ಅದು ಸಾಯುವುದು ಒಂದು ದಿನದ ಬಿಸಿಲಿನಿಂದಲ್ಲ, ಒಂದು ವರ್ಷದ ಸಾಲದಿಂದ. ಇದರ ಮೇಲೆ, ಬೆಚ್ಚಗೆ ಒದ್ದೆಯಾದ ಮಣ್ಣಿನಲ್ಲಿ ಬೇರುಕೊಳೆತದ ರೋಗಾಣುಗಳು ಹುಲುಸಾಗಿ ಬೆಳೆಯುತ್ತವೆ. ಗಿಡ ಬಾಡಿತೆಂದು ಮಾಲಿ ಇನ್ನೂ ಎರಡು ಕೊಡ ನೀರು ಸುರಿದರೆ ಕೆಲಸ ಬೇಗ ಮುಗಿಯುತ್ತದೆ.

ಬೀಚನಹಳ್ಳಿಯಲ್ಲಿ ನೀರಿದೆಯಲ್ಲಾ ಎನ್ನಬಹುದು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಜಲಾಶಯದಲ್ಲಿ ನಿಂತಿರುವುದು ಬಹುಮಟ್ಟಿಗೆ ವಯನಾಡಿನ ಬೆಟ್ಟಗಳಲ್ಲಿ ಬಿದ್ದ ಮಳೆ. ದಡದ ಮೇಲಿನ ಹವೆಯಾದರೋ ಮೈಸೂರು ಬಯಲಿನ ಹವೆಗೆ ಹತ್ತಿರವಾದದ್ದು. ಮೈಸೂರಿಗೆ ವರ್ಷಕ್ಕೆ ಬರುವ ಮಳೆ ಸುಮಾರು 30 ಅಂಗುಲ ಮಾತ್ರ. ರೋಡೊಡೆಂಡ್ರನ್ನಿಗೆ ಬೇಕಾದುದು ಬೇರಿಗೆ ನೀರು ಮಾತ್ರವಲ್ಲ. ಎಲೆಗೆ ಮಂಜು, ಮೋಡ, ತೇವವಾದ ಗಾಳಿ. ಹೊಳೆ ಮೊದಲನೆಯದನ್ನು ಕೊಡಬಲ್ಲುದು, ಎರಡನೆಯದನ್ನು ಕೊಡಲಾರದು. ಫೆಬ್ರವರಿಯಿಂದ ಮೇವರೆಗೆ ಆ ದಡದ ಹುಲ್ಲು ಹೇಗೆ ಒಣಗಿ ಹೊಂಬಣ್ಣಕ್ಕೆ ಬರುತ್ತದೆಂಬುದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಹವೆಗಿಂತಲೂ ಕಠಿನವಾದ ಪ್ರಶ್ನೆ ಮಣ್ಣಿನದು. ರೋಡೊಡೆಂಡ್ರನ್ ಕುಲದ ಗಿಡಗಳೆಲ್ಲ, ಕೆಲವು ಅಪವಾದಗಳನ್ನು ಬಿಟ್ಟರೆ, ಹುಳಿಮಣ್ಣಿನ ಗಿಡಗಳು. ರಸಾಯನಶಾಸ್ತ್ರಜ್ಞರು ಮಣ್ಣಿನ ಆಮ್ಲ ಕ್ಷಾರಗಳನ್ನು ಪಿ.ಎಚ್. ಎಂಬ ಅಂಕಿಯಿಂದ ಅಳೆಯುತ್ತಾರೆ. 7 ಎಂಬುದು ಸಮ, ಅದರ ಕೆಳಗೆ ಆಮ್ಲ, ಮೇಲೆ ಕ್ಷಾರ. ಈ ಗಿಡಗಳಿಗೆ ಹಿತವಾದದ್ದು ನಾಲ್ಕೂವರೆಯಿಂದ ಆರರವರೆಗೆ. ಕ್ಷಾರ ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಕಬ್ಬಿಣ ಸಿಕ್ಕದೆ ಎಳೆಯ ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ. ಊಟಿಯ ಕುಂಡಕ್ಕೆ ಬಂದ ರೋಗ ಅನೇಕ ವೇಳೆ ಇದೇ. ನಮ್ಮ ಬಾವಿಗಳ ಗಡಸು ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ದಿನವೂ ಎರಡು ಚೆಂಬು ಬಾವಿನೀರು ಹಾಕಿದರೆ ಕುಂಡದ ಹುಳಿಮಣ್ಣು ಕ್ರಮೇಣ ತನ್ನ ಹುಳಿಯನ್ನು ಕಳೆದುಕೊಳ್ಳುತ್ತದೆ. ನೀರುಹಾಕಿಯೇ ಕೊಂದರು ಎಂದು ನಾನು ಮೊದಲೇ ಹೇಳಿದುದರ ಅರ್ಥವಿದು.

ಬೇರಿನ ರೀತಿಯೂ ವಿಲಕ್ಷಣವಾದದ್ದು. ಅದು ಕೂದಲೆಳೆಯಷ್ಟು ಸಣ್ಣದು. ಆಳಕ್ಕೆ ಇಳಿಯದೆ ಮೇಲುಮಣ್ಣಿನಲ್ಲೇ ಚಾಪೆಯಂತೆ ಹರಡುತ್ತದೆ. ಆ ಬೇರಿನ ಕಣಗಳೊಳಗೆ ಒಂದು ಬಗೆಯ ಶಿಲೀಂಧ್ರ ವಾಸಮಾಡಿಕೊಂಡು, ಕೊಳೆತ ಎಲೆಯ ಪುಡಿಯಿಂದ ಪೋಷಕಾಂಶಗಳನ್ನು ಬಿಡಿಸಿ ಗಿಡಕ್ಕೆ ಒದಗಿಸುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಹೀಗೆ ಸಡಿಲವಾದ ಎಲೆಗೊಬ್ಬರದ ಮೇಲೆ ಬದುಕುವ ಬೇರನ್ನು ಬೇಸಗೆಯಲ್ಲಿ ಕಲ್ಲಾಗುವ ಮಣ್ಣಿನಲ್ಲಿ ಹೂಳಿ, ತಿಂಗಳಿಗೊಮ್ಮೆ ಗುದ್ದಲಿಯಿಂದ ಬುಡ ಕೆದಕಿಸಿದರೆ ಅದು ಹೇಗೆ ಉಳಿದೀತು?

ಮಣ್ಣಿನ ಪರೀಕ್ಷೆಗೆ ಕೃಷಿ ಇಲಾಖೆಯ ಪ್ರಯೋಗಶಾಲೆಗಳಿವೆ, ಕಳುಹಿಸುವುದು ಒಳ್ಳೆಯದೇ. ಆದರೆ ನೆರೆಯ ರೈತನ ಹೊಲವನ್ನು ಓದಲು ಬಲ್ಲವರಿಗೆ ಅಲ್ಲಿಯೇ ಅರ್ಧ ಉತ್ತರ ಸಿಕ್ಕುತ್ತದೆ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ವರ್ಜೀನಿಯ ಹೊಗೆಸೊಪ್ಪು ಬೆಳೆಯುವ ಕೆಂಪು ಮರಳುಮಣ್ಣು ಹಗುರವಾದದ್ದು. ಹೊಗೆಸೊಪ್ಪಿಗೆ ಹಿತವಾದುದು ತುಸು ಹುಳಿಯ ಕಡೆಗಿರುವ ಮಣ್ಣೇ. ಹತ್ತಿಗೆ ಹೆಸರಾದ ಎರೆಭೂಮಿಯಾದರೆ ಕ್ಷಾರದ ಕಡೆಗಿರುತ್ತದೆ. ಅಲ್ಲಿ ಈ ಗಿಡದ ಮಾತನ್ನೇ ಎತ್ತಬಾರದು. ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ನೀರು ನಿಲ್ಲುವ ಭತ್ತದ ಗದ್ದೆಯ ಮಗ್ಗುಲೂ ಅಷ್ಟೆ.

ಇಷ್ಟಾದರೂ ಒಂದು ರೋಡೊಡೆಂಡ್ರನ್ ಬೇಕೇ ಬೇಕು ಎನ್ನುವವರಿಗೆ ಯಾವುದನ್ನು ಆರಿಸಬೇಕೆಂದು ಹೇಳುತ್ತೇನೆ. ಎತ್ತರವನ್ನು ಮೊದಲು ವಿಚಾರಿಸಬೇಕು. ನೀಲಗಿರಿಯ ಕೆಂಪುಹೂವಿನ ಮರ ಹುಲುಸಾಗಿರುವುದು 6000 ಅಡಿಯ ಮೇಲೆ. ಕನ್ನಡನಾಡಿನಲ್ಲಿ ಅಷ್ಟು ಎತ್ತರವಾದ ನೆಲ ಬಹಳ ಕಡಮೆ. ಮುಳ್ಳಯ್ಯನಗಿರಿಯ ತುದಿಯೇ 6300 ಅಡಿಗಿಂತ ಸ್ವಲ್ಪ ಮೇಲೆ. ಆದುದರಿಂದ ಮೈಸೂರು, ಮಂಡ್ಯ, ಕೋಟೆ, ಬೆಂಗಳೂರುಗಳಲ್ಲಿ ಆ ಮರದ ಆಸೆಯನ್ನು ಬಿಡುವುದೇ ಸರಿ. ಹಿಮಾಲಯದ, ಚೀನದ ದೊಡ್ಡ ಎಲೆಯ ಜಾತಿಗಳ ವಿಷಯವೂ ಅದೇ. ಮಡಿಕೇರಿ, ಚಿಕ್ಕಮಗಳೂರುಗಳ ಕಡೆಯ 3500 ಅಡಿಗೆ ಮೇಲ್ಪಟ್ಟ ಕಾಫಿತೋಟಗಳಲ್ಲಿ, ಮಣ್ಣು ಹುಳಿ, ಮಳೆ ಹೆಚ್ಚು, ಮರದ ನೆರಳು ಸಿದ್ಧವಾಗಿಯೇ ಇರುವುದರಿಂದ, ನಿತ್ಯಹಸುರಿನ ಅಜೇಲಿಯಗಳನ್ನು ನೆಲದಲ್ಲೇ ಹಾಕಿ ನೋಡಬಹುದು. ಅದಕ್ಕಿಂತ ತಗ್ಗಿನಲ್ಲಿ ಅಜೇಲಿಯ ಕುಂಡದ ಗಿಡ ಮಾತ್ರ, ಅದೂ ಶ್ರದ್ಧೆಯುಳ್ಳವರಿಗೆ.

ಇನ್ನೊಂದು ಪಂಗಡವುಂಟು, ನಮ್ಮಲ್ಲಿ ಅದರ ಪರಿಚಯ ಸಾಲದು. ವಿರೇಯ ಎಂದು ಅದರ ಹೆಸರು. ಜಾವ, ಬೋರ್ನಿಯೊ, ನ್ಯೂಗಿನಿಗಳಲ್ಲಿ ಹುಟ್ಟುವ ಸುಮಾರು 300 ಜಾತಿಗಳು ಇದರಲ್ಲಿವೆ. ಅನೇಕ ಜಾತಿಗಳು ಆರ್ಕಿಡ್‌ಗಳಂತೆ ಮರಗಳ ಕೊಂಬೆಯ ಮೇಲೆ, ಪಾಚಿಯ ನಡುವೆ ಬೆಳೆಯುತ್ತವೆ. ಇವಕ್ಕೆ ಹಿಮದ ಚಳಿಗಾಲ ಬೇಕಿಲ್ಲ. ಕೆಲವಂತೂ ತಗ್ಗಿನ ಬೆಚ್ಚನೆಯ ಕಾಡುಗಳಲ್ಲೂ ಇರುತ್ತವೆ. ಲಂಡನ್ನಿನ ವೀಚ್ ಮನೆತನದ ಸಸ್ಯಾಗಾರದವರು 19ನೆಯ ಶತಮಾನದಲ್ಲಿ ಇವುಗಳಿಂದ ಅನೇಕ ಮಿಶ್ರತಳಿಗಳನ್ನು ಗಾಜಿನ ಮನೆಯಲ್ಲಿ ಎಬ್ಬಿಸಿದ್ದರು. ಕಿತ್ತಳೆ, ಹಳದಿ, ಬಿಳುಪು ಬಣ್ಣಗಳು, ಕೆಲವಕ್ಕೆ ಪರಿಮಳವೂ ಉಂಟು. ಕೊಡಗಿನಲ್ಲಿಯೋ ಸಕಲೇಶಪುರದ ಕಡೆಯೋ ಇರುವವರು ಪ್ರಯೋಗ ಮಾಡಬೇಕಾದ ರೋಡೊಡೆಂಡ್ರನ್ ಇದು ಎಂದು ನನ್ನ ಅಭಿಪ್ರಾಯ. ಆದರೆ ಇದಕ್ಕೂ ಹುಳಿ, ಗಾಳಿಯಾಡುವ ಬುಡ, ತೇವದ ಗಾಳಿ ಬೇಕು. ಬೀಚನಹಳ್ಳಿಯ ಏಪ್ರಿಲ್ ತಿಂಗಳು ಇದಕ್ಕೂ ಕಠಿನ ಪರೀಕ್ಷೆಯೇ.

ಬಯಲಿನ ಕುಂಡದಲ್ಲಿ ಅಜೇಲಿಯವನ್ನು ಸಾಕುವ ಕ್ರಮ ಹೀಗೆ. ಕುಂಡ ಮಣ್ಣಿನದಾಗಿರಬೇಕು, ಸಿಮೆಂಟಿನ ಕುಂಡದಿಂದ ಸುಣ್ಣ ಒಸರುವುದರಿಂದ ಅದು ಕೂಡದು. ಸುಣ್ಣ ಹೊಡೆದ ಗೋಡೆಯ ಬುಡದಲ್ಲಿಯೂ ಇಡಬಾರದು. ಚೆನ್ನಾಗಿ ಕೊಳೆತ ಎಲೆಗೊಬ್ಬರ ಎರಡು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ದಪ್ಪ ಮರಳು ಒಂದು ಪಾಲು ಸೇರಿಸಿ ತುಂಬಬೇಕು. ನಾರಿನ ಪುಡಿಯಲ್ಲಿ ಉಪ್ಪಿನ ಅಂಶ ಇರುವುದರಿಂದ ಅದನ್ನು ಮೊದಲು ನೆನೆಹಾಕಿ ಮೂರು ನಾಲ್ಕು ಸಲ ತೊಳೆಯತಕ್ಕದ್ದು. ಬೆಳಗಿನ ಎಳೆಬಿಸಿಲು ಎರಡು ಗಂಟೆ ಬಿದ್ದು, ಆಮೇಲೆ ನೆರಳಾಗುವ ಪೂರ್ವದ ಜಗಲಿ ಪ್ರಶಸ್ತವಾದ ಸ್ಥಳ. ಮಳೆಗಾಲದಲ್ಲಿ ಸೂರಿನ ನೀರನ್ನು ಹಿಡಿದಿಟ್ಟುಕೊಂಡರೆ ಬಹಳ ಉಪಕಾರ. ಅದು ಮುಗಿದ ಮೇಲೆ ಹೊಳೆಯ ನೀರು ಸಾಮಾನ್ಯವಾಗಿ ಬಾವಿಯ ನೀರಿಗಿಂತ ಮೇಲು. ನಮ್ಮ ಮನೆಗಳಲ್ಲಿ ಒಲೆಯ ಬೂದಿಯನ್ನು ಗಿಡದ ಬುಡಕ್ಕೆ ಹಾಕುವ ಹಳೆಯ ವಾಡಿಕೆಯುಂಟು. ಬಾಳೆಗೆ ಅದು ಅಮೃತ, ಅಜೇಲಿಯಕ್ಕೆ ವಿಷ. ಮೊಟ್ಟೆಯ ಸಿಪ್ಪೆಯೂ ಹಾಗೆಯೇ. ಕೊಂಬೆ ಕತ್ತರಿಸುವುದಾದರೆ ಹೂ ಮುಗಿದ ಕೂಡಲೆ ಕತ್ತರಿಸಬೇಕು. ತಡಮಾಡಿದರೆ ಮುಂದಿನ ವರ್ಷದ ಮೊಗ್ಗನ್ನೇ ಕತ್ತರಿಸಿದಂತಾಗುತ್ತದೆ. ಆಡು ಸಾಕಿದವರು ಎಚ್ಚರವಾಗಿರಬೇಕು, ಏಕೆಂದರೆ ಈ ಕುಲದ ಅನೇಕ ಗಿಡಗಳ ಎಲೆ ವಿಷ. ಕ್ರಿಸ್ತಪೂರ್ವ 401ರ ದಂಡಯಾತ್ರೆಯಿಂದ ಹಿಂದಿರುಗುತ್ತಿದ್ದ ಗ್ರೀಕ್ ಸೈನಿಕರು ಕಪ್ಪುಸಮುದ್ರದ ತೀರದ ಬಳಿ ಜೇನು ತಿಂದು ಹುಚ್ಚರಂತೆ ಬಿದ್ದರೆಂದು ಕ್ಸೆನೊಫನ್ ಬರೆದಿದ್ದಾನೆ. ಅದು ಅಲ್ಲಿಯ ರೋಡೊಡೆಂಡ್ರನ್ ಹೂವಿನ ಜೇನೆಂದು ವಿದ್ವಾಂಸರ ನಿರ್ಣಯ.

ಒಪ್ಪದ ಗಿಡವನ್ನು ತಂದರೆ ಆಗುವ ನಷ್ಟ ಒಂದು ಕುಂಡ, ಕೆಲವು ರೂಪಾಯಿ, ಮಾಲಿಗೆ ಒಂದು ಬೈಗುಳ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಹವೆಗೆ ಅತಿಯಾಗಿ ಒಪ್ಪುವ ಗಿಡವನ್ನು ತಂದರೆ ಏನಾಗುವುದೆಂಬುದನ್ನು ತೋಟದ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಅದಕ್ಕೆ ರೋಡೊಡೆಂಡ್ರನ್ ಕುಲವೇ ಒಂದು ನಿದರ್ಶನವನ್ನು ಕೊಟ್ಟಿದೆ. ಕಪ್ಪುಸಮುದ್ರದ ಕಡೆಯದೂ ಸ್ಪೇನಿನದೂ ಆದ ಪಾಂಟಿಕಮ್ ಎಂಬ ಜಾತಿಯನ್ನು 18ನೆಯ ಶತಮಾನದಲ್ಲಿ ಬ್ರಿಟನ್ನಿಗೆ ಅಲಂಕಾರಕ್ಕಾಗಿ ತಂದರು. ಅಲ್ಲಿಯ ಪಶ್ಚಿಮಭಾಗದ ತೇವ, ಹುಳಿಮಣ್ಣು ಅದಕ್ಕೆ ತೌರಿಗಿಂತಲೂ ಹಿತವಾದುವು. ಇಂದು ವೇಲ್ಸ್, ಸ್ಕಾಟ್ಲೆಂಡ್, ಐರ್ಲೆಂಡುಗಳ ಕಾಡುಗಳಲ್ಲಿ ಅದು ನೆಲವನ್ನೆಲ್ಲ ಮುಚ್ಚಿ, ಕೆಳಗೆ ಒಂದು ಸಸಿಯೂ ಏಳದಂತೆ ಮಾಡಿದೆ. ಅದನ್ನು ಕೀಳಿಸಲು ಸರ್ಕಾರಗಳು ಅಪಾರವಾಗಿ ವೆಚ್ಚಮಾಡುತ್ತಿವೆ.

ಬೀಚನಹಳ್ಳಿಯ ಎದುರಿನ ದಡದ ಕಾಡುಗಳಲ್ಲಿಯೂ ಇದೇ ಕಥೆ ಬೇರೆ ಹೆಸರಿನಲ್ಲಿ ನಡೆದಿದೆ. ಲಂಟಾನವನ್ನು ಅಮೆರಿಕದ ಉಷ್ಣವಲಯದಿಂದ 19ನೆಯ ಶತಮಾನದ ಆರಂಭದಲ್ಲಿ ನಮ್ಮ ದೇಶಕ್ಕೆ ಹೂಗಿಡವೆಂದು ತಂದರು. ಎಷ್ಟು ಚೆಲುವಾದ ಬಣ್ಣಗಳು! ಬೇಲಿಗೂ ಆಗುತ್ತದೆ, ನೀರೂ ಬೇಡ. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ದುವು. ಈಗ ಬಂಡೀಪುರ, ನಾಗರಹೊಳೆಗಳಲ್ಲಿ ಹುಲ್ಲಿರಬೇಕಾದ ಎಷ್ಟೋ ಕಡೆ ಆಳೆತ್ತರದ ಲಂಟಾನದ ಪೊದೆ ನಿಂತಿದೆ. ಅದರ ಎಲೆ ದನಕರುಗಳಿಗೆ ವಿಷವಾದುದರಿಂದ ಅದನ್ನು ಮೇಯುವವರಿಲ್ಲ. ಜಿಂಕೆಗೂ ಆನೆಗೂ ಮೇವು ಕಡಮೆಯಾಗುವುದೆಂದರೆ ಕಾಡಂಚಿನ ರೈತನ ರಾಗಿಗೂ ಜೋಳಕ್ಕೂ ಅಪಾಯ ಹೆಚ್ಚುವುದೆಂದೇ ಅರ್ಥ. ಮಲೆಯ ಮಹದೇಶ್ವರನ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜುಗಳನ್ನು ಹೆಣೆಯಲು ಕಲಿತಿದ್ದಾರೆ. ಅದು ಶ್ಲಾಘ್ಯವಾದ ಕೆಲಸ. ಆದರೆ ಕುರ್ಚಿಗೆ ಬೇಕಾದದ್ದಕ್ಕಿಂತ ಗಿಡವೇ ಬಹಳ ಹೆಚ್ಚಾಗಿದೆ.

ಈಚೆಗೆ ಬಂದ ಇನ್ನೊಂದು ಗಿಡ ಸೆನ್ನ ಸ್ಪೆಕ್ಟಾಬಿಲಿಸ್. ಇದೂ ಅಮೆರಿಕದ್ದೇ, ಹೂವಿಗಾಗಿ, ನೆರಳಿಗಾಗಿ ನೆಟ್ಟದ್ದು. ವಯನಾಡಿನ ಅರಣ್ಯಗಳಲ್ಲಿ ವಿಪರೀತವಾಗಿ ಹಬ್ಬಿ, ನಾಗರಹೊಳೆ, ಬಂಡೀಪುರಗಳಿಗೂ ಕಾಲಿಟ್ಟಿದೆ. ಕಡಿದರೆ ಬುಡದಿಂದ ಹತ್ತು ಕವಲು ಚಿಗುರುತ್ತದೆ. ದೂರದಿಂದ ನೋಡಿದವರು ನಮ್ಮ ಕಕ್ಕೆ ಮರವೆಂದು ಭ್ರಮಿಸುವುದುಂಟು. ಗುರುತು ಸುಲಭವಾಗಿದೆ: ಕಕ್ಕೆಯ ಹಳದಿ ಹೂ ಉದ್ದನೆಯ ಮಾಲೆಯಾಗಿ ಕೆಳಕ್ಕೆ ಜೋಲುತ್ತದೆ; ಸೆನ್ನದ ಹೂಗೊಂಚಲು ಮೇಲ್ಮುಖವಾಗಿ ನಿಲ್ಲುತ್ತದೆ. ಹಿನ್ನೀರಿನ ದಡದಲ್ಲಿ ತೋಟ ಮಾಡುವವರು, ವಸತಿಗೃಹಗಳ ಒಡೆಯರು, ಯಾರೇ ಆಗಲಿ, ಬೇಗ ಬೆಳೆಯುತ್ತದೆಂಬ ಒಂದೇ ಕಾರಣಕ್ಕೆ ಇಂಥ ಗಿಡವನ್ನು ನೆಟ್ಟರೆ ಅದು ಅವರ ಬೇಲಿಯೊಳಗೆ ನಿಲ್ಲುವುದಿಲ್ಲ. ಊಟಿಯ ಅಜೇಲಿಯ ಕುಂಡದಲ್ಲೇ ಸತ್ತು ಕಾಡಿಗೆ ಯಾವ ಕೇಡನ್ನೂ ಮಾಡದೆ ಹೋಗುತ್ತದೆ. ಆ ದೃಷ್ಟಿಯಿಂದ ಅದೇ ಸಾಧು.

ಹಾಗಾದರೆ ಬೀಚನಹಳ್ಳಿಯ ತೋಟಕ್ಕೆ ರೋಡೊಡೆಂಡ್ರನ್ನಿನ ಸೊಬಗನ್ನು ಕೊಡಬಲ್ಲ, ಆದರೆ ಹವೆಯೊಡನೆ ಜಗಳವಾಡದ ಗಿಡ ಯಾವುದು? ಬಣ್ಣದ ಉರಿಯೇ ಬೇಕೆನ್ನುವವರಿಗೆ ಮುತ್ತುಗವಿದೆ. ಎಲೆಯೆಲ್ಲ ಉದುರಿದ ಬರಿಯ ಕೊಂಬೆಗಳ ಮೇಲೆ ಶಿವರಾತ್ರಿಯ ಆಸುಪಾಸಿನಲ್ಲಿ ಅದು ಕೆಂಡದಂತೆ ಅರಳುತ್ತದೆ. ಬಡ ನೆಲ, ಉಪ್ಪು ನೆಲ ಯಾವುದಾದರೂ ಸರಿ. ಬೆಳವಣಿಗೆ ಮಾತ್ರ ನಿಧಾನ. ಬೂರುಗವೂ ಭವ್ಯವಾದದ್ದೇ, ಆದರೆ ಮನೆಯ ಹತ್ತಿರಕ್ಕಲ್ಲ. ಅದರ ಗಾತ್ರ ದೊಡ್ಡದು, ಅರಳೆ ಹಾರುತ್ತದೆ. ನಾಲೆಯ ಅಂಚಿಗೆ, ನೀರಿನ ಬಳಿಗೆ ಹೊಳೆದಾಸವಾಳಕ್ಕಿಂತ ಉತ್ತಮವಾದದ್ದನ್ನು ನಾನು ಕಾಣೆ. ಬೇಸಗೆಯಲ್ಲಿ ಅದರ ನಸುನೇರಳೆಯ ಹೂವು ನದಿಯ ತೀರಕ್ಕೆಂದೇ ಹುಟ್ಟಿದಂತಿರುತ್ತದೆ. 1908ರಲ್ಲಿ ಮೈಸೂರಿನ ಸೇವೆಗೆ ಬಂದು ಲಾಲ್‌ಬಾಗನ್ನು ನೋಡಿಕೊಂಡ ಜರ್ಮನ್ ತೋಟಗಾರ ಕ್ರುಂಬಿಗೆಲ್ಲರು ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಮರ ಅರಳುವಂತೆ ಸಾಲುಗಳನ್ನು ಯೋಜಿಸಿದರೆಂಬುದು ಪ್ರಸಿದ್ಧವಾಗಿದೆ. ಮುತ್ತುಗ, ಕಕ್ಕೆ, ಹೊಳೆದಾಸವಾಳ ಈ ಮೂರನ್ನೇ ನೆಟ್ಟವನ ತೋಟದಲ್ಲಿಯೂ ಫೆಬ್ರವರಿಯಿಂದ ಜೂನಿನವರೆಗೆ ಹೂ ತಪ್ಪುವುದಿಲ್ಲ.

ಆದರೆ ರೋಡೊಡೆಂಡ್ರನ್ನಿನ ರೂಪವೇ ಬೇಕೆಂದರೆ, ಎಂದರೆ ಗಾಢವಾದ ನಿತ್ಯಹಸುರು ಎಲೆ, ಅದರ ನಡುವೆ ದುಂಡಗೆ ಕಿಕ್ಕಿರಿದ ಕೆಂಪು ಹೂಗೊಂಚಲು ಬೇಕೆಂದರೆ, ನಮ್ಮ ಪಶ್ಚಿಮಘಟ್ಟದಲ್ಲೇ ಎರಡು ಗಿಡಗಳಿವೆ. ಪೊದೆಯ ಗಾತ್ರಕ್ಕೆ ಕೇಪಳ. ನರ್ಸರಿಗಳಲ್ಲಿ ಇಕ್ಸೋರ ಎಂದು ಕೇಳಿದರೆ ದೊರೆಯುವುದು ಇದರ ತಳಿಗಳೇ. ಬಿಸಿಲನ್ನು ತಡೆದುಕೊಳ್ಳುತ್ತದೆ, ವರ್ಷದ ಬಹುಕಾಲ ಹೂ ಬಿಡುತ್ತದೆ. ಇದಕ್ಕೂ ತು಼ಸು ಹುಳಿಮಣ್ಣೇ ಇಷ್ಟ. ಸುಣ್ಣ ಹೆಚ್ಚಾದರೆ ಇದರ ಎಳೆಯ ಎಲೆಯೂ ಹಳದಿಯಾಗಿ ನರ ಮಾತ್ರ ಹಸುರಾಗಿ ನಿಲ್ಲುತ್ತದೆ. ಆದುದರಿಂದ ಅಜೇಲಿಯಕ್ಕೆ ಹಣ ಖರ್ಚುಮಾಡುವ ಮೊದಲು ಒಂದು ಕೇಪಳವನ್ನು ಅದೇ ಜಾಗದಲ್ಲಿ, ಅದೇ ನೀರಿನಲ್ಲಿ, ಒಂದು ವರ್ಷ ಸಾಕಿ ನೋಡಿರಿ. ಅದು ಹಸುರಾಗಿ ನಿಂತರೆ ಅಜೇಲಿಯದ ಮಾತನ್ನು ಎತ್ತಬಹುದು. ಅದೇ ಹಳದಿಯಾದರೆ ಅಜೇಲಿಯದ ದುಡ್ಡು ಉಳಿಯಿತು.

ಮರದ ಗಾತ್ರಕ್ಕೆ ಸೀತಾಶೋಕ. ಶಾಲೆಗಳ ಕಾಂಪೌಂಡಿನಲ್ಲಿ ಕಂಬದಂತೆ ನೆಟ್ಟಗೆ ನಿಲ್ಲುವ, ಎಲೆಯ ಅಂಚು ಅಲೆಅಲೆಯಾಗಿರುವ ಮರವನ್ನು ಜನ ಅಶೋಕವೆನ್ನುತ್ತಾರೆ. ಅದು ಬೇರೆ ವಂಶದ್ದು, ಅದರ ಹೂ ಹಸುರು, ಕಣ್ಣಿಗೆ ಬೀಳುವುದೇ ಇಲ್ಲ. ನಿಜವಾದ ಅಶೋಕದ ಎಳೆಯ ಚಿಗುರು ತಾಮ್ರದ ಬಣ್ಣದ್ದಾಗಿ ಜೋಲುತ್ತಿರುತ್ತದೆ. ಫೆಬ್ರವರಿಯಿಂದ ಏಪ್ರಿಲಿನವರೆಗೆ ಕೊಂಬೆಗಳ ಮೇಲೆಯೇ ಗುಂಡಗಿನ ಗೊಂಚಲುಗಳು ಬಿಡುತ್ತವೆ, ಮೊದಲು ಹಳದಿಗಿತ್ತಳೆ, ಆಮೇಲೆ ಕೆಂಪು, ಮಂದವಾದ ಪರಿಮಳ. ಔಷಧಕ್ಕಾಗಿ ತೊಗಟೆಯನ್ನು ಸುಲಿದು ಸುಲಿದು ಕಾಡಿನಲ್ಲಿ ಈ ಮರ ವಿರಳವಾಗಿರುವುದರಿಂದ ತೋಟದಲ್ಲಿ ನೆಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಇದು ನೆರಳನ್ನೂ ತೇವವನ್ನೂ ಬಯಸುವ ಮರ. ಬೀಚನಹಳ್ಳಿಯಂಥ ಕಡೆ ನಾಲೆಯ ಹತ್ತಿರ, ಮಾವಿನದೋ ಹೊಂಗೆಯದೋ ಪೂರ್ವದ ಮಗ್ಗುಲಿನಲ್ಲಿ ಸ್ಥಳ ಗೊತ್ತುಮಾಡಬೇಕು. ಜೂನಿನ ಮೊದಲ ಮಳೆ ಬಿದ್ದ ಮೇಲೆ ಎರಡಡಿ ಗುಣಿ ತೋಡಿ, ಎಲೆಗೊಬ್ಬರ ಬೆರೆಸಿ, ಮೊಣಕಾಲೆತ್ತರದ ಬೀಜದ ಸಸಿಯನ್ನು ನೆಡತಕ್ಕದ್ದು. ಕೊಳ್ಳುವಾಗ ಎಲೆಯನ್ನು ನೋಡಿಯೇ ಕೊಳ್ಳಿರಿ. ಎಲೆಯ ಅಂಚು ಅಲೆಅಲೆಯಾಗಿದ್ದರೆ ಅದು ಕಂಬದ ಅಶೋಕವಾಗಿರುವ ಸಂಭವವುಂಟು. ಮೊದಲ ಎರಡು ಬೇಸಗೆ ಪಶ್ಚಿಮದ ಕಡೆಗೆ ತೆಂಗಿನ ಗರಿಯ ಮರೆ ಕಟ್ಟಿ, ಬುಡಕ್ಕೆ ತರಗೆಲೆ ಹರಡಿ, ವಾರಕ್ಕೆ ಎರಡು ಸಲ ನೀರು ಕೊಟ್ಟರೆ ಸಾಕು. ಮೂರನೆಯ ವರ್ಷದಿಂದ ಮಾಲಿಯ ಕೆಲಸ ಹಗುರವಾಗುತ್ತದೆ.